ನಮಸ್ಕಾರ ಮಾಡುವ ಸೈಕಲ್ಲು

ಮನುಷ್ಯ ತನ್ನ ಸೊಂಟದ ಸುಖಕ್ಕಾಗಿ ಏನೇನು ಮಾಡಬಲ್ಲ ಎಂಬುದನ್ನು ಇತಿಹಾಸಕಾರರು ಸರಿಯಾಗಿ ದಾಖಲಿಸಿಲ್ಲ. ಧಾರವಾಡದಲ್ಲಿ ಇತಿಹಾಸ ಓದಿ, ಬ್ಯಾಡಗಿಯ ಕಾಲೇಜಿನಲ್ಲಿ ಅದನ್ನೇ ಕಲಿಸುವ ನಾನು ಆ ಕೊರತೆಯನ್ನು ಸ್ವಂತ ಸೊಂಟದಿಂದಲೇ ತುಂಬುತ್ತಿದ್ದೇನೆ. ನೆನಪನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳುವವನೂ ನಾನೇ. ಆದರೆ ಈ ಪ್ರಕರಣದಲ್ಲಿ ನನ್ನ ನೆನಪು ತಪ್ಪಿದಲ್ಲೆಲ್ಲ ತಿದ್ದಲು ಹೆಂಡತಿ ಗಿರಿಜಾ ಇದ್ದಾಳೆ.

ನನ್ನ ಮೌಂಟನ್ ಸೈಕಲ್ಲಿಗೆ (ಬ್ಯಾಡಗಿ ಪೇಟೆಯಲ್ಲಿ ಬೆಟ್ಟವಿಲ್ಲ, ಆ ಮಾತು ಬೇರೆ) ಮುಂದೆ ಮಾತ್ರ ಸ್ಪ್ರಿಂಗ್ ಇತ್ತು. ಕೈಗೆ ಮೆತ್ತಗೆ, ಸೊಂಟಕ್ಕೆ ಗುದ್ದು. ಹಿಂದೆಯೂ ಸ್ಪ್ರಿಂಗ್ ಇರುವ ‘ಡಬಲ್ ಶಾಕ್’ ಸೈಕಲ್ಲುಗಳು ಆಗಷ್ಟೇ ಓಣಿಗೆ ಬರತೊಡಗಿದ್ದವು. ಹಳೆಯದನ್ನು ಮಾರಿ ಅಂಥದೊಂದು ಒಳ್ಳೆಯದನ್ನು ತರುವ ನನ್ನ ಯೋಜನೆಗೆ ಗಿರಿಜಾ ಅಡ್ಡ ಬಂದಳು.

“ಅದಕ್ಕ ಕ್ಯಾರಿಯರ್ ಐತೇನು? ಗಿರಣಿಗೆ ಜ್ವಾಳದ ಡಬ್ಬಿ ತಲಿ ಮ್ಯಾಲೆ ಹೊತ್ಕೊಂಡು ಹೋಗ್ತೀರೇನು? ಹಳೇದು ಇಲ್ಲೇ ಇರ್ಲಿ.”

ಹಳೆಯದು ಉಳಿಯಿತು, ಬಜೆಟ್ಟು ಕರಗಿತು. ರಾಣೆಬೆನ್ನೂರಿನ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಡಬಲ್ ಶಾಕ್ ಕೊಂಡೆ. “ಗಾದಿ ಮ್ಯಾಲೆ ಕುಂತಂಗ ಆಕ್ಕೇತ್ರಿ ಸರ್” ಎಂದ ಅಂಗಡಿಯವ. ಅಥವಾ ಹಾಗೆಂದನೆಂದು ನಾನು ನಂಬಿದ್ದೇನೆ. ಗಾದಿಯ ಮಾತು ಖರೆಯೇ. ಆದರೆ ಗಾದಿ ಮುಂದೆ ಹೋಗುವುದಿಲ್ಲ. ತುಳಿದ ಶಕ್ತಿಯೆಲ್ಲ ಹಿಂದಿನ ಸ್ಪ್ರಿಂಗಿಗೇ ಸಂದಾಯವಾಗಿ, ಪ್ರತಿ ತುಳಿತಕ್ಕೂ ನಾನು ಕುಸಿದು ಎದ್ದು ತಲೆಬಾಗುತ್ತಿದ್ದೆ.

ಅದು ಮೆಣಸಿನಕಾಯಿ ಸುಗ್ಗಿ. ಆ ದಿನಗಳಲ್ಲಿ ನಮ್ಮ ಪೇಟೆಯಲ್ಲಿ ಬಾಯಿ ತೆರೆದವನ ಗತಿ ಸೀನು. ಎಲ್ಲರೂ ಮೂಗಿಗೆ ಟವೆಲ್ ಸುತ್ತಿ, ತಲೆಬಾಗಿಸಿಯೇ ನಮಸ್ಕಾರ ಮುಗಿಸುತ್ತಾರೆ. ನಾನೋ ಹಮಾಲರಿಗೆ, ದಲಾಲರಿಗೆ, ಚಕ್ಕಡಿಯ ಎತ್ತುಗಳಿಗೂ ಬಾಗುತ್ತ ಹೋದೆ. ಅದೇ ವಾರ ಓಣಿಯ ಪತ್ತಿನ ಸಂಘದ ಚುನಾವಣೆ ನಿಗದಿಯಾಗಿತ್ತು. ಮಾಸ್ತರು ನಿಂತಿದ್ದಾರೆ ಎಂದು ಊರು ತೀರ್ಮಾನಿಸಿಬಿಟ್ಟಿತು.

ನಿಜಕ್ಕೂ ನಿಂತಿದ್ದವನು ಪಕ್ಕದ ಮನೆಯ ಗೋಣಿಚೀಲದ ವ್ಯಾಪಾರಿ ಶೇಖಣ್ಣ. ಅವನ ಬೋರ್‌ವೆಲ್ಲಿನಿಂದ ಗೋಡೆ ದಾಟಿ ಬರುವ ಪೈಪೇ ನಮ್ಮ ಮನೆಯ ನೀರು. ಒಂದು ಬೆಳಿಗ್ಗೆ ನೋಡಿದರೆ ಪೈಪು ಗೋಡೆಯಾಚೆಗೆ ಹೋಗಿತ್ತು.

“ಈಗೇನು ನಿಮ್ಮ ಸ್ಪ್ರಿಂಗ್ ಹಿಂಡಿ ಕುಡಿಯೂಣೇನು?” ಎಂದಳು ಗಿರಿಜಾ.

ಸೈಕಲ್ ಸಮೇತ ಶೇಖಣ್ಣನ ಬಾಗಿಲಿಗೆ ಹೋದೆ. “ನಾ ನಿಂತಿಲ್ಲೋ ಶೇಖಣ್ಣ. ಈ ಸೈಕಲ್ಲs ನನ್ನ ಬಗ್ಗಸ್ತೈತಿ.”

“ಕಿವಿ ಮ್ಯಾಲೆ ಹೂ ಇಡಬ್ಯಾಡ್ರಿ ಮಾಸ್ತರ. ನಿನ್ನೆ ನಮ್ಮ ಅತ್ತಿ ಮುದುಕಿಗೆ ಸುದ್ದಾ ನಮಸ್ಕಾರ ಹೊಡದೀರಿ. ಆಕಿಗೆ ನಾನs ಹೊಡ್ಯಂಗಿಲ್ಲ!”

“ಹಂಗಾರ ನೀನs ಹತ್ತಿ ನೋಡು.”

ಹತ್ತಿದ. ಪೇಟೆಯ ತನಕ ಹೋಗಿ ಬಂದ. ಮುಖ ಅರಳಿತ್ತು. “ಮಾಸ್ತರ, ಮಂದಿಗೆ ಬಗ್ಗಿ ಬಗ್ಗಿ ನನ್ನ ಕುತ್ತಿಗಿ ಹೋಗೇತಿ. ಇಲೆಕ್ಷನ್ ಮುಗಿಯೂತನಕ ಇದು ನನ್ನ ಕಡೆ ಇರ್ಲಿ.”

ಸಂಜೆಗೆ ಪೈಪು ಮರಳಿತು. ಶೇಖಣ್ಣ ಗೆದ್ದ. ಸೈಕಲ್ಲು ಮಾತ್ರ ಮರಳಲಿಲ್ಲ. ಮುಂದಿನ ಸಲಕ್ಕೂ ಬೇಕಂತೆ. ಒತ್ತಿ ಕೇಳೋಣವೆಂದರೆ ಪೈಪು ನೆನಪಾಗುತ್ತದೆ.

ನಾನು ಜೋಳದ ಡಬ್ಬಿಯೊಂದಿಗೆ ಹಳೆಯ ಸೈಕಲ್ಲಿಗೆ ಮರಳಿದೆ. ಕೆಲವೇ ದಿನಗಳಲ್ಲಿ ಗಿರಣಿಯವನು ಗಿರಿಜಾಗೆ ಹೇಳಿದನಂತೆ: “ಮಾಸ್ತರಿಗೆ ಸೊಕ್ಕು ಬಂದೈತ್ರಿ ಅಕ್ಕಾರ. ಮೊದಲ ಎಷ್ಟು ಬಗ್ಗತಿದ್ರು!” ಅಂದಿನಿಂದ ಪೇಟೆ ಬಂತೆಂದರೆ ಸ್ವಂತ ಕತ್ತನ್ನೇ ಸ್ಪ್ರಿಂಗ್ ಮಾಡಿಕೊಂಡು ಹೋಗುತ್ತೇನೆ. ಯಾರೂ ಇಲ್ಲದ ಓಣಿಯಲ್ಲೂ ಬಾಗುತ್ತೇನೆಂದು ಗಿರಿಜಾ ಹೇಳುತ್ತಾಳೆ, ನನಗೆ ನೆನಪಿಲ್ಲ. ಖರ್ಚು ಮಾಡಿ ಹೊಸದೇನೂ ಬರಲಿಲ್ಲ ಎನ್ನುವಂತಿಲ್ಲ. ಸೊಂಟನೋವು ಹಳೆಯದೇ ಇದೆ, ಕತ್ತುನೋವು ಹೊಸದು.