ಮ್ಯಾನೇಜರ್ ಬಾಲ ಎತ್ತಿದರೆ

ನಮ್ಮ ಯಜಮಾನರು ಕೊನೆಯ ಮಾತನ್ನು ನನಗೆ ಹೇಳಲಿಲ್ಲ. ಬೆಕ್ಕಿಗೆ ಹೇಳಿ ಹೋದರು. ಕಟ್ಟಿಕೊಂಡ ಹೆಂಡತಿಗೆ ಇದಕ್ಕಿಂತ ಅವಮಾನ ಇನ್ನೇನು ಬೇಕು?

ಅವರು ಟೈಲರ್. ಅಳತೆ, ಕತ್ತರಿ ಅವರದು. ಮಿಷನ್ನು, ಕಾಜಾ, ಗುಂಡಿ ನನ್ನದು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಆ ಗೋಡೆಗೆ ಅವರ ಕಟಿಂಗ್ ಟೇಬಲ್ಲು, ಈ ಗೋಡೆಗೆ ನನ್ನ ಮಿಷನ್ನು. ಟೇಬಲ್ಲಿನ ಮೇಲೆ ಬೆಕ್ಕು. ಮೈಯೆಲ್ಲ ಬಿಳಿ, ಕಣ್ಣು ನೀಲಿ. ದಿನವಿಡೀ ಏನೂ ಮಾಡದೆ ಕುಳಿತು ದುಡಿಯುವವರನ್ನು ನೋಡುತ್ತದೆ ಎಂದು ಅವರೇ ಅದಕ್ಕೆ ಮ್ಯಾನೇಜರ್ ಎಂದು ಹೆಸರಿಟ್ಟಿದ್ದರು. ಕರೆದರೆ ಬರುತ್ತಿರಲಿಲ್ಲ. (ಮ್ಯಾನೇಜರ್ ಅಲ್ಲವೇ, ಕರೆದ ತಕ್ಷಣ ಯಾಕೆ ಬರುತ್ತದೆ ಎಂದುಕೊಂಡಿದ್ದೆ.)

ನಮಗೆ ಜಗಳವಾದರೆ ಮಾತು ಬಿಡುತ್ತಿದ್ದೆವು. ಆದರೆ ಕೆಲಸ ನಡೆಯಬೇಕಲ್ಲ? ಆಗ ಬೆಕ್ಕೇ ನಡುವಿನ ದೂತ.

“ಮ್ಯಾನೇಜರ್, ಅವಳಿಗೆ ಹೇಳು, ಕಪ್ಪು ದಾರ ಮುಗೀತು ಅಂತ.”

“ಮ್ಯಾನೇಜರ್, ಅವರಿಗೆ ಹೇಳು, ಮುಗಿಸಿದ್ದು ಯಾರು ಅಂತ.”

“ಮ್ಯಾನೇಜರ್, ಊಟ ಏನಾದ್ರೂ ಇದ್ಯಾ, ಅಥವಾ ಇವತ್ತೂ ಮುಖಾನೇ ನೋಡ್ಕೊಂಡಿರ್ಬೇಕಾ, ಕೇಳು.”

ಹೀಗೆ ಸಂಸಾರ ಸಾಗಿತ್ತು.

ಕೊನೆಯ ಸಲ ಜಗಳವಾದದ್ದು ಒಂದು ಕೋಟಿನ ತೋಳಿಗೆ. ಗಿಡ್ಡವಾಯಿತು ಎಂದೆ. ಸರಿ ಇದೆ ಎಂದರು. ಗಿರಾಕಿಯ ಎದುರಿಗೇ ಎಂದೆನಲ್ಲ, ಮಾತು ಬಿಟ್ಟರು. ಸಂಜೆ ನಾನು ಮಿಷನ್ ತುಳಿಯುತ್ತಿದ್ದೆ. ಅವರು ಬೆಕ್ಕಿನ ಮುಖಕ್ಕೆ ಮುಖ ಕೊಟ್ಟು ಏನೋ ಹೇಳಿದರು. ತುಟಿ ಆಡಿದ್ದು ಕಂಡೆ. ಮಿಷನ್ನಿನ ಸದ್ದಿಗೆ ಮಾತು ಕೇಳಲಿಲ್ಲ. ಬೆಕ್ಕಿಗೆ ತಾನೇ ಎಂದು ಕಾಲು ನಿಲ್ಲಿಸಲಿಲ್ಲ. ಬೆಳಿಗ್ಗೆ ಅವರು ಏಳಲಿಲ್ಲ.

ಜನ ಬಂದರು, ಅತ್ತರು, ಹೋದರು. ನನಗೆ ಬೇಕಾಗಿದ್ದು ಒಂದೇ. ಏನು ಹೇಳಿದರು? ರಾಜಿಯ ಮಾತೋ? ಸಿಟ್ಟಿನಲ್ಲೇ ಹೋದರೋ? ತಿಳಿದಿದ್ದ ಒಂದೇ ಜೀವ ಟೇಬಲ್ಲಿನ ಮೇಲೆ ಕುಳಿತು ಪಂಜ ನೆಕ್ಕುತ್ತಿತ್ತು.

ನನ್ನ ನಾದಿನಿ ಎದುರು ಸಾಲಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಗಿರಾಕಿ ಇಲ್ಲದಾಗ ಫೋನು ನೋಡುತ್ತಾಳೆ. ಗಿರಾಕಿ ಇದ್ದರೂ ನೋಡುತ್ತಾಳೆ. ಅವಳ ಹತ್ತಿರ ನನ್ನ ಸಂಕಟ ಹೇಳಿಕೊಂಡೆ.

“ಅಯ್ಯೋ ಅತ್ತಿಗೆ, ಅಷ್ಟೇ ತಾನೆ? ಬೆಕ್ಕಿನ ಭಾಷೆಗೆ ಈಗ ಪಂಡಿತರೇ ಇದಾರೆ. ನೋಡು.”

ನೋಡಿದೆ. ಬಾಯಿ ಬಿಟ್ಟುಕೊಂಡು ನೋಡಿದೆ. ಫೋನಿನಲ್ಲಿ ಒಬ್ಬ ಗಡ್ಡದವನು ಬೆಕ್ಕಿನ ಬಾಲವನ್ನು ಪುಸ್ತಕದ ಹಾಗೆ ಓದುತ್ತಿದ್ದ. ಬಾಲ ನೆಟ್ಟಗಿದ್ದರೆ ಹೋದವರು ಸುಖವಾಗಿದ್ದಾರೆ. ತುದಿ ಕೊಂಡಿಯಾದರೆ ಹೇಳದೆ ಉಳಿದ ಮಾತು ಇದೆ. ಬೆನ್ನು ತಿರುಗಿಸಿ ಕೂತರೆ ಅವರ ಜೊತೆ ಮಾತಾಡುತ್ತಿದೆ, ನಡುವೆ ಬಾಯಿ ಹಾಕಬೇಡಿ. ಆಕಳಿಸಿದರೆ ಹೇಳಿ ಮುಗಿಸಿತು, ಕೇಳಿಸಿಕೊಳ್ಳದ್ದು ನಿಮ್ಮ ತಪ್ಪು. ಮುಂಗಾಲಲ್ಲಿ ಹಾಸಿಗೆ ತುಳಿದರೆ ಮನೆಯ ಕಸುಬು ಕಲಿಯುತ್ತಿದೆ.

ನನ್ನ ಮೈ ಜುಮ್ಮೆಂದಿತು. ಮ್ಯಾನೇಜರ್ ಇದೆಲ್ಲವನ್ನೂ ಮಾಡಿತ್ತು! ಇಷ್ಟು ದೊಡ್ಡ ಜ್ಞಾನಿಗೆ ನಾನು ಮೀನಿನ ತಲೆ ಹಾಕಿ, “ತೊಲಗಾಚೆ” ಎನ್ನುತ್ತಿದ್ದೆನಲ್ಲ!

“ಪ್ರಶ್ನೆ ಕೇಳೋ ಕ್ರಮಾನೂ ಹೇಳಿದಾನೆ ಅತ್ತಿಗೆ. ಬೆಕ್ಕಿಗಿಂತ ತಗ್ಗಿನಲ್ಲಿ ಇರ್ಬೇಕು. ಕಣ್ಣು ಮೆಲ್ಲಗೆ ಮುಚ್ಚಿ ತೆಗೀಬೇಕು. ಆಮೇಲೆ ಅದರ ಕಿವೀಲಿ ಕೇಳ್ಬೇಕು.”

“ತಗ್ಗಲ್ಲಿ ಮಲಗಿದ್ರೆ ಕಿವಿ ಸಿಗೋದು ಹೇಗೆ?”

“ಆಮೇಲೆ ಏಳ್ಬೇಕಪ್ಪ! ಎಲ್ಲಾನೂ ಅವನೇ ಹೇಳ್ಬೇಕಾ?”

ನೆಲದ ಮೇಲೆ ಅಂಗಾತ ಮಲಗಿದೆ. ಟೇಬಲ್ಲಿನ ಅಂಚಿನಿಂದ ಮ್ಯಾನೇಜರ್ ಬಗ್ಗಿ ನೋಡಿತು. ನಾನು ಕಣ್ಣು ಮುಚ್ಚಿ ತೆಗೆದೆ. ಅದೂ ಮುಚ್ಚಿ ತೆಗೆಯಿತು. ಎಂಥ ಗಾಂಭೀರ್ಯ! ಯಾವ ನ್ಯಾಯಾಧೀಶರೂ ಹಾಗೆ ಕಣ್ಣು ಮುಚ್ಚಲಾರರು. ಕಷ್ಟಪಟ್ಟು ಎದ್ದು ಅದರ ಕಿವಿಗೆ ಬಾಯಿ ಇಟ್ಟು ಕೇಳಿದೆ.

“ಮ್ಯಾನೇಜರ್ರೇ, ನಮ್ಮವರಿಗೆ ನನ್ನ ಮೇಲಿನ ಸಿಟ್ಟು ಇಳಿದಿತ್ತಾ?”

ಬೆಕ್ಕು ತಲೆಯನ್ನು ಪಟಪಟ ಅಲ್ಲಾಡಿಸಿತು.

ಮತ್ತೆ ಕೇಳಿದೆ. ಮತ್ತೆ ಅಲ್ಲಾಡಿಸಿತು. ಇನ್ನೊಂದು ಕಿವಿಯಲ್ಲಿ ಕೇಳಿದೆ. ಇನ್ನೂ ಜೋರಾಗಿ ಅಲ್ಲಾಡಿಸಿತು.

ನಾದಿನಿ ಫೋನು ತಡಕಿದಳು. ಅವಳ ಮುಖ ಸಣ್ಣದಾಯಿತು. “ತಲೆ ಅಲ್ಲಾಡಿಸಿದ್ರೆ ಖಂಡಿತಾ ಇಲ್ಲ ಅಂತಂತೆ ಅತ್ತಿಗೆ. ಇರು, ಇನ್ನೊಬ್ಬಳು ಕನ್ನಡಕದವಳು ಇದಾಳೆ, ಅವಳು ಬೇರೆ ಏನಾದ್ರೂ... ಇಲ್ಲ, ಅವಳೂ ಅದನ್ನೇ ಹೇಳ್ತಾಳೆ.”

ಅವರು ಸತ್ತ ದಿನ ನಾನು ಇಷ್ಟು ಅತ್ತಿರಲಿಲ್ಲ. ಅಂದು ಜನರಿದ್ದರು. ಇಂದು ಟೇಬಲ್ಲಿಗೆ ತಲೆಯಿಟ್ಟು ಅತ್ತೆ. ಒಂದು ತೋಳಿಗಾಗಿ ಇಷ್ಟು ಹಟವೇ? ಅಲ್ಲಿಗೆ ಹೋದ ಮೇಲೂ?

ಮ್ಯಾನೇಜರ್ ತಲೆ ಅಲ್ಲಾಡಿಸುವುದನ್ನು ನಿಲ್ಲಿಸಲಿಲ್ಲ. ಕೇಳದಿದ್ದರೂ ಇಲ್ಲ, ಇಲ್ಲ ಎಂದಿತು. ಊಟ ಹಾಕಿದರೂ ಇಲ್ಲ. ಕೊನೆಗೆ ಕಿವಿ ಕೆರೆದು ಕೆರೆದು ರಕ್ತ ಬಂತು. ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆ. ಅವರು ಹಳೆಯ ಗಿರಾಕಿ, ಯಜಮಾನರನ್ನು ಬಲ್ಲವರು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು.

“ನುಸಿ ಅಮ್ಮ. ಕಿವಿ ತುಂಬಾ ನುಸಿ. ತುರಿಕೆಗೆ ತಲೆ ಒದರ್ತಿದೆ. ಔಷಧಿ ಬಿಡಿ, ಹೋಗುತ್ತೆ.”

“ಹಾಗಾದ್ರೆ ಇಲ್ಲ ಅಂದಿದ್ದಲ್ವಾ?”

“ಯಾರು?”

“ಬೆಕ್ಕು. ನಾನು ಕಿವೀಲಿ ಕೇಳ್ದೆ, ಅದು...”

ಡಾಕ್ಟರು ನನ್ನನ್ನು ನೋಡಿದರು. ಬೆಕ್ಕನ್ನು ನೋಡಿದರು. ಅದರ ಬೆನ್ನ ಹಿಂದೆ ಸ್ಟೀಲಿನ ತಟ್ಟೆಯನ್ನು ಢಣ್ ಎಂದು ನೆಲಕ್ಕೆ ಬಿಟ್ಟರು. ನಾನು ಹಾರಿಬಿದ್ದೆ. ಹೊರಗೆ ಕಾಯುತ್ತಿದ್ದ ನಾಯಿ ಬೊಗಳಿತು. ಮ್ಯಾನೇಜರ್ ಅಲುಗಲಿಲ್ಲ.

“ಇದು ಹುಟ್ಟು ಕಿವುಡು ಅಮ್ಮ. ಈ ಥರ ಬಿಳಿ ಮೈ, ನೀಲಿ ಕಣ್ಣಿನ ಬೆಕ್ಕುಗಳು ಸುಮಾರು ಹಂಗೇ. ಮರಿ ಇದ್ದಾಗ್ಲೇ ಟೈಲರ್ ಮಾಸ್ಟರ್‌ಗೆ ಹೇಳಿದ್ನಲ್ಲ.”

“ಅವರಿಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಮನೇಲಿ ಮಾತ್ರ ಹೇಳ್ಬೇಡಿ ಡಾಕ್ಟ್ರೇ ಅಂದಿದ್ರು. ಜಗಳ ಆದಾಗ ಅವಳ ಹತ್ರ ಮಾತಾಡೋಕೆ ಇದೊಂದೇ ದಾರಿ, ಇದನ್ನೂ ಮುಚ್ಚಬೇಡಿ ಅಂದ್ರು.”

ದಾರಿಯುದ್ದಕ್ಕೂ ನನಗೆ ಕಾಲು ನೆಲಕ್ಕೆ ತಾಗಲಿಲ್ಲ. “ಮ್ಯಾನೇಜರ್, ಅವಳ ಕಾಜಾ ನೋಡು, ಈ ಊರಲ್ಲಿ ಇನ್ನೊಬ್ಬರಿಗೆ ಬರಲ್ಲ” ಎನ್ನುತ್ತಿದ್ದರು. ನನಗೆ ಹೇಳದೆ ಬೆಕ್ಕಿನ ಹತ್ತಿರ ಹೊಗಳುತ್ತಾರಲ್ಲ ಎಂದು ಉರಿದುಕೊಂಡಿದ್ದೆ. “ಚಳಿ ಅಂತ ಹೇಳೋಕೂ ಅವಳಿಗೆ ಬಾಯಿಲ್ಲ” ಎಂದು ಬೆಕ್ಕಿನ ಕಡೆ ನೋಡುತ್ತ ನನ್ನ ಹೆಗಲಿಗೆ ಶಾಲು ಎಸೆಯುತ್ತಿದ್ದರು. ಒಂದು ಅಕ್ಷರವೂ ಆ ಪ್ರಾಣಿಯ ಕಿವಿಗೆ ಬಿದ್ದಿಲ್ಲ! ಎಲ್ಲ ನನಗೇ. ಎಂಥ ಗಂಡಸು! ಇಂಥ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಗದೆ ಹೇಗೆ ಕತ್ತರಿ ಹಿಡಿದರು?

ಆ ಸಂಜೆಯ ಮಾತೂ ನನಗೇ. ಅದು ಏನೇ ಇರಲಿ, ನನ್ನ ಕಡೆಗೇ ಹೊರಟಿದ್ದು. ಕೇಳಿಸಿಕೊಳ್ಳದಿದ್ದವಳು ನಾನು. ಇಷ್ಟು ಸಾಕು ಎಂದುಕೊಂಡೆ. ಮನಸ್ಸು ಹಗುರಾಯಿತು.

ನಾದಿನಿಗೆ ಚೆನ್ನಾಗಿ ಬೈದೆ.

“ನಿನ್ನ ಗಡ್ಡದವನ ಮುಖಕ್ಕೆ ಇಸ್ತ್ರಿ ಇಡ! ಕಿವುಡು ಬೆಕ್ಕಿನ ಮುಂದೆ ನನ್ನ ನೆಲಕ್ಕೆ ಹಾಕಿದ್ಯಲ್ಲೇ! ಇನ್ನು ಆ ಫೋನು ಈ ಬಾಗಿಲು ದಾಟಿ ಬಂದ್ರೆ ಕತ್ತರಿ ತಗೋತೀನಿ ನೋಡು.”

ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಹಾಗೆ ಕಂಡಿತು. ತಗ್ಗಿಸಿದ್ದು ಫೋನು ನೋಡಲು.

“ಅತ್ತಿಗೆ, ಬೈಬೇಡ. ಇಲ್ಲೊಬ್ಬಳು ಹೇಳ್ತಿದಾಳೆ. ಕಿವುಡು ಬೆಕ್ಕುಗಳು ತುಟಿ ನೋಡೇ ಎಲ್ಲಾ ಮಾತೂ ತಿಳ್ಕೊಳುತ್ವಂತೆ. ಒಂದು ಸಲ ನೋಡಿದ್ದನ್ನ ಸಾಯೋವರೆಗೂ ಮರೆಯಲ್ವಂತೆ.”

ಮ್ಯಾನೇಜರ್ ಟೇಬಲ್ಲಿನ ಮೇಲಿಂದ ನನ್ನನ್ನೇ ನೋಡುತ್ತಿತ್ತು.

ನಾನು ಸ್ಟೂಲು ಎಳೆದುಕೊಂಡು ನಾದಿನಿಯ ಪಕ್ಕಕ್ಕೆ ಒತ್ತಿ ಕುಳಿತೆ.

“ಸ್ವಲ್ಪ ಸೌಂಡು ಜಾಸ್ತಿ ಮಾಡೇ” ಎಂದೆ.