ಮೀನಿನ ಗಾಡಿಗೆ ಎರಡೇ ಚೌಕ

ಗೆ,
ವ್ಯವಸ್ಥಾಪಕ ನಿರ್ದೇಶಕರು,
ತ್ವರಿತಾ ಮೋಟಾರ್ಸ್.

ಮಾನ್ಯರೇ,

ತಮಗೂ, ತಮ್ಮ ಆಡಳಿತ ಮಂಡಳಿಗೂ, ತಮ್ಮ ಕಾರ್ಖಾನೆಯ ಸಮಸ್ತ ಬ್ಯಾಟರಿಗಳಿಗೂ ದೀರ್ಘಾಯುಷ್ಯವನ್ನು ಕೋರುತ್ತಾ, ಹೊಸನಗರ ತಾಲೂಕಿನ ನಗರ ಎಂಬ ಊರಿನಲ್ಲಿ ವಾಸವಾಗಿ ಇಪ್ಪತ್ತೆರಡು ವರ್ಷಗಳಿಂದ ಮೀನು ಮಾರಿಕೊಂಡಿರುವ ಸುರೇಂದ್ರ ಎಂಬ ನಾನು ಮಾಡಿಕೊಳ್ಳುವ ಬಿನ್ನಹವೇನೆಂದರೆ, ತಾವು ಕಳಿಸಿದ ಅಭಿಪ್ರಾಯದ ಫಾರಂನಲ್ಲಿ ನನಗೆ ಜಾಗ ಸಾಲಲಿಲ್ಲ. ಅದರಲ್ಲಿ ‘ಹೈಬ್ರಿಡ್’ ಎಂದೊಂದು ಚೌಕವಿದೆ, ‘ಪೂರ್ಣ ಎಲೆಕ್ಟ್ರಿಕ್’ ಎಂದೊಂದು ಚೌಕವಿದೆ. ನಡೆದದ್ದನ್ನು ಬರೆಯಲು ಚೌಕವಿಲ್ಲ. ಫಾರಂ ತಂದುಕೊಟ್ಟ ತಮ್ಮ ಇಂಜಿನಿಯರ್ ನಿಶಾಂತ್ ಅವರನ್ನು ಕೇಳಿದ್ದಕ್ಕೆ, ಒಂದಕ್ಕೇ ಟಿಕ್ ಹಾಕಬೇಕು, ಎರಡಕ್ಕೂ ಹಾಕಿದರೆ ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಎಂದರು. ಆದ್ದರಿಂದ ಈ ಬಹಿರಂಗ ಪತ್ರ.

ಮೊದಲು ತಮ್ಮ ಔದಾರ್ಯವನ್ನು ನೆನೆಯಬೇಕು. ಮುಂದೆ ತಯಾರಿಸುವ ಸಣ್ಣ ಸರಕು ಗಾಡಿ ಯಾವ ಬಗೆಯದಾಗಿರಬೇಕು ಎಂದು ತೀರ್ಮಾನಿಸುವ ಸಲುವಾಗಿ ತಾವು ಸಾಗರದಲ್ಲಿ ಒಬ್ಬ ಬೇಕರಿಯವರನ್ನು, ತೀರ್ಥಹಳ್ಳಿಯಲ್ಲಿ ಒಬ್ಬ ಗ್ಯಾಸ್ ಸಿಲಿಂಡರಿನವರನ್ನು, ಹೊಸನಗರ ತಾಲೂಕಿನಲ್ಲಿ ನನ್ನನ್ನು ಆರಿಸಿ, ಆರು ವಾರ ಹೈಬ್ರಿಡ್, ಆರು ವಾರ ಎಲೆಕ್ಟ್ರಿಕ್ ಗಾಡಿಯನ್ನು ಪುಕ್ಕಟೆ ಓಡಿಸಲು ಕೊಟ್ಟಿರಿ. ಗೆದ್ದ ಗಾಡಿ ಮೊದಲು ನಮಗೇ ಸಿಗುತ್ತದೆಂದು ನಿಶಾಂತ್ ಹೇಳಿದ್ದರಿಂದ ನಾನು ನನ್ನ ಹಳೆಯ ಡೀಸೆಲ್ ಗಾಡಿಯನ್ನು ಮಾರಿಬಿಟ್ಟೆ. ಅಂದು ನನ್ನ ಹೆಂಡತಿ ಶಿಲ್ಪಶ್ರೀ ಹೇಳಿದ ಮಾತನ್ನು ಮಾನ್ಯರಿಗೆ ಬರೆಯುವಂತಿಲ್ಲ.

ಹೈಬ್ರಿಡ್ ಗಾಡಿಯಲ್ಲಿ ಇಂಧನ ಉಳಿಯಿತು, ಸುಳ್ಳು ಹೇಳಬಾರದು. ಅದರ ಇಂಜಿನ್ನಿಗೆ ಇರುವ ವಿನಯ ಮನುಷ್ಯರಲ್ಲೂ ಅಪರೂಪ: ನಿಧಾನವಾಗಿ ಹೋಗುವಾಗ ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ನಾನು ನಿಧಾನವಾಗಿ ಹೋಗುವುದು ಮನೆಗಳಿರುವ ಕಡೆ. ಹಳೆಯ ಗಾಡಿಯ ಸದ್ದು ತಿರುವಿನಲ್ಲಿ ಕೇಳಿಸಿದ ಕೂಡಲೇ ಪಾತ್ರೆ ಹಿಡಿದು ರಸ್ತೆಗೆ ಬರುತ್ತಿದ್ದ ಹೆಂಗಸರು ಈಗ ಒಳಗೇ ಉಳಿದರು. ಮನೆಯೇ ಇಲ್ಲದ ಕಾಡಿನ ಏರಿನಲ್ಲಿ ಇಂಜಿನ್ ಎಚ್ಚರಗೊಂಡು, ಮೀನು ಬಂತೆಂದು ಮಂಗಗಳಿಗೆ ಸಾರಿತು. ಹಾರ್ನ್ ಹೊಡೆಯಬಹುದಿತ್ತಲ್ಲ ಎಂದು ತಾವು ಕೇಳುವಿರಿ. ಹೊಡೆದೆ. ತಮ್ಮ ಹಾರ್ನಿನ ಸ್ವರ ಎಷ್ಟು ಇಂಪೆಂದರೆ, ಐಸ್‌ಕ್ರೀಂ ಬಂತೆಂದು ಮಕ್ಕಳು ಓಡಿಬಂದು ಬೂತಾಯಿ ಮೀನು ನೋಡಿ ಅತ್ತವು. ನನ್ನ ಹಳೆಯ ಗಿರಾಕಿ ವೆಂಕಮ್ಮನವರು ನಾಲ್ಕು ವಾರ ನನ್ನ ಸುಳಿವೇ ಇಲ್ಲದ್ದು ಕಂಡು, ನಾನು ಹಾಸಿಗೆ ಹಿಡಿದಿದ್ದೇನೆಂದು ತಿಳಿದು, ಬ್ರೆಡ್ಡು ಕಿತ್ತಳೆ ಹಿಡಿದುಕೊಂಡು ಮನೆಗೇ ಬಂದರು.

ಆಮೇಲೆ ಬಂದ ಪೂರ್ಣ ಎಲೆಕ್ಟ್ರಿಕ್ ಗಾಡಿಯನ್ನು ಎಷ್ಟು ಹೊಗಳಿದರೂ ಸಾಲದು. ಇಳಿಜಾರಿನಲ್ಲಿ ಅದು ತನಗೆ ತಾನೇ ಚಾರ್ಜ್ ತುಂಬಿಕೊಳ್ಳುತ್ತದೆ. ಖಾಲಿ ಗಾಡಿಯಲ್ಲಿ ಹುಲಿಕಲ್ ಘಾಟಿ ಇಳಿದು ಗಂಗೊಳ್ಳಿ ಬಂದರಿಗೆ ಹೋಗುವಾಗ ಬ್ಯಾಟರಿ ಮೈದುಂಬಿಕೊಳ್ಳುತ್ತದೆ. ಮೀನು, ಐಸು ಹೇರಿಕೊಂಡು ಅದೇ ಘಾಟಿ ಹತ್ತುವಾಗ ಬಡವಾಗುತ್ತದೆ. ಮೀನು ಘಟ್ಟದ ಮೇಲೆ ಸಿಕ್ಕಿ, ತಿನ್ನುವವರು ಘಟ್ಟದ ಕೆಳಗೆ ಇದ್ದಿದ್ದರೆ ಇದಕ್ಕಿಂತ ಉತ್ತಮವಾದ ವಾಹನ ಇರುತ್ತಿರಲಿಲ್ಲ. ಆದ್ದರಿಂದ ಸಮುದ್ರವನ್ನು ಮೇಲಕ್ಕೆ ಸ್ಥಳಾಂತರಿಸುವ ಬಗ್ಗೆ ತಾವು ಸಂಬಂಧಪಟ್ಟವರೊಡನೆ ಪತ್ರವ್ಯವಹಾರ ನಡೆಸಬೇಕಾಗಿ ಕೋರುತ್ತೇನೆ. ಪಕ್ಕದ ಊರಿಗೆ ಸಾಗರ ಎಂಬ ಹೆಸರು ಮೊದಲೇ ಇರುವುದರಿಂದ ಬೋರ್ಡು ಬದಲಿಸುವ ತೊಂದರೆಯೂ ಇಲ್ಲ.

ಐದನೆಯ ವಾರದ ಬುಧವಾರ ಹೀಗಾಯಿತು. ಮನೆಯಲ್ಲಿ ಕರೆಂಟ್ ಕೈಕೊಟ್ಟಿದ್ದರಿಂದ ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ಅದರ ಮೇಲೆ ಬಂಗುಡೆ ಚೆನ್ನಾಗಿದೆಯೆಂದು ಎರಡು ಬಾಕ್ಸ್ ಹೆಚ್ಚಿಗೆ ಹೇರಿದೆ. ಈ ತಪ್ಪು ನನ್ನದೇ. ಘಾಟಿಯನ್ನು ಹೇಗೋ ಹತ್ತಿದ ಗಾಡಿ ಮಾಸ್ತಿಕಟ್ಟೆ ದಾಟಿದ ಮೇಲೆ ಒಂದು ಮಾತೂ ಆಡದೆ ನಿಂತಿತು. ತಮ್ಮ ಆ್ಯಪ್ ತೆರೆದೆ. ತಮ್ಮ ಕಂಪನಿಯ ಚಾರ್ಜಿಂಗ್ ಜಾಗ ಒಂದು ಸಾಗರದಲ್ಲಿ, ಇನ್ನೊಂದು ತೀರ್ಥಹಳ್ಳಿಯಲ್ಲಿ. ನಾನು ನಿಂತಲ್ಲಿ ನಕ್ಷೆಯ ತುಂಬ ಕಣ್ಣಿಗೆ ತಂಪಾದ ಕಾಡಿನ ಹಸಿರು ಬಣ್ಣ.

ಎದುರಿಗೆ ಮುಕುಂದಯ್ಯನವರ ಹಿಟ್ಟಿನ ಗಿರಣಿ ಇತ್ತು. ಮುಕುಂದಯ್ಯನವರು ಮೀನು ತಿನ್ನುವುದಿರಲಿ, ಅದರ ಹೆಸರನ್ನೂ ಬಾಯಲ್ಲಿ ಎತ್ತದವರು. ನನ್ನ ಗಾಡಿ ಹಾದುಹೋಗುವಾಗಲೆಲ್ಲ ಕಿಟಕಿ ಮುಚ್ಚುತ್ತಿದ್ದವರು. ನಾನು ಗೇಟಿನ ಹೊರಗೇ ನಿಂತು ಸಂಗತಿ ಹೇಳಿದೆ. ಅವರು ಗಾಡಿಯನ್ನು ನೋಡಿದರು, ಕರಗಿ ತೊಟ್ಟಿಕ್ಕುತ್ತಿದ್ದ ಐಸನ್ನು ನೋಡಿದರು, ಹೆಗಲ ಮೇಲಿನ ಟವೆಲನ್ನು ಮೂಗಿಗೆ ಹಿಡಿದರು.

“ಕರೆಂಟಿಗೆ ಮಡಿ ಇಲ್ಲ ಮಾರಾಯ,” ಎಂದರು. “ಗಾಡಿ ಹೊರಗೇ ಇರ್ಲಿ, ವೈರ್ ಒಳಗೆ ಬರ್ಲಿ.”

ವೈರ್ ಒಳಗೆ ಹೋಗಿ ಹತ್ತು ನಿಮಿಷಕ್ಕೆ ಕರೆಂಟೇ ಹೋಯಿತು. ಲೈನ್‌ಮನ್‌ಗೆ ಫೋನ್ ಮಾಡಿದರೆ ಸಂಜೆಯಾಗುತ್ತದೆ ಎಂದರು. ಅಷ್ಟೂ ಮೀನನ್ನು ಹೂಳಬೇಕಲ್ಲ ಎಂದು ನಾನು ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಗಿರಣಿ ನಿಂತು ಕೆಲಸವಿಲ್ಲದೆ ಇದ್ದ ಮುಕುಂದಯ್ಯನವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಒಳಗಿನಿಂದ ಒಂದು ನೋಟ್‌ಬುಕ್ ತಂದರು. ಅಕ್ಕಿ, ರಾಗಿ ಬೀಸಲು ಕೊಟ್ಟುಹೋದವರ ಫೋನ್ ನಂಬರುಗಳು ಅದರಲ್ಲಿದ್ದವು. ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು.

“ನಿಮ್ಮ ಹಿಟ್ಟು ಆಗಿದೆ, ತಗಂಡ್ ಹೋಗಿ. ಬರುವಾಗ ಒಂದು ಪಾತ್ರೆ ತನ್ನಿ. ಎಂತಕ್ಕೆ ಅಂತ ನಾ ಹೇಳೂದಿಲ್ಲ, ಬಂದ್ರೆ ಗೊತ್ತಾಗ್ತದೆ.”

ಇಪ್ಪತ್ತೇಳು ಜನ ಬಂದರು. ಒಂದು ಕೈಯಲ್ಲಿ ಹಿಟ್ಟಿನ ಚೀಲ, ಇನ್ನೊಂದರಲ್ಲಿ ಬಂಗುಡೆ ಹಿಡಿದು ಹೋದರು. ವೆಂಕಮ್ಮನವರು ನನಗೆ ಗುಣವಾದದ್ದಕ್ಕೆ ಸಂತೋಷಪಟ್ಟು ಎರಡು ಕಿಲೋ ಕೊಂಡರು. ಮುಕುಂದಯ್ಯನವರು ಅಷ್ಟೂ ಹೊತ್ತು ಈ ಕಡೆಗೆ ಬೆನ್ನು ಹಾಕಿ ನಿಂತು, ಮಾತಿನ ಗದ್ದಲ ಕೇಳಿದಾಗಲೆಲ್ಲ ಸಾಲಿನಲ್ಲಿ ಬರಬೇಕೆಂದು ಗದರಿಸುತ್ತಿದ್ದರು. ಕರೆಂಟ್ ಬರುವ ಹೊತ್ತಿಗೆ ಬಾಕ್ಸುಗಳಲ್ಲಿ ಬರೀ ನೀರಿತ್ತು. ನಾನು ಕೈ ಮುಗಿದೆ. ಮುಂದಿನ ವಾರ ನೋಡಿದರೆ ಗೇಟಿನ ಹೊರಗಿನ ಕಂಬಕ್ಕೆ ಹೊಸದೊಂದು ಪ್ಲಗ್ ಬಂದಿತ್ತು. ಅದು ನನಗೆಂದು ಹಾಕಿಸಿದ್ದಲ್ಲ, ಊರಿಗೆಂದು ಹಾಕಿಸಿದ್ದು ಎಂದರು. ಊರಿನಲ್ಲಿ ಅಂಥ ಗಾಡಿ ಇದ್ದದ್ದು ನನ್ನದೊಂದೇ.

ಅಂದೇ ನಾನು ‘ಪೂರ್ಣ ಎಲೆಕ್ಟ್ರಿಕ್’ ಚೌಕಕ್ಕೆ ಟಿಕ್ ಹಾಕಿದೆ. ಹೈಬ್ರಿಡ್ ಆಗಿದ್ದರೆ ಗಾಡಿ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ ಎಂಬುದು ನಿಜ. ನಾನು ಟಿಕ್ ಹಾಕಿದ್ದೂ ಅದಕ್ಕೇ.

ಈಗ ತಾವು ಗಾಡಿಗಳನ್ನು ವಾಪಸ್ ಒಯ್ದು, ಹೈಬ್ರಿಡ್ಡೋ ಎಲೆಕ್ಟ್ರಿಕ್ಕೋ ಎಂಬುದನ್ನು ಇನ್ನೂ ಎರಡು ವರ್ಷ ಅಧ್ಯಯನ ಮಾಡುವುದಾಗಿ ಪ್ರಕಟಿಸಿದ್ದೀರಿ. ತಮ್ಮ ತಾಳ್ಮೆಗೆ ಶರಣು. ಇತ್ತ ನಾನು ಭಾವನ ಸ್ಕೂಟರಿಗೆ ಎರಡು ಬುಟ್ಟಿ ಕಟ್ಟಿಕೊಂಡು ಅರ್ಧ ಊರಿಗೂ ಮುಟ್ಟಲಾರದೆ ತಿರುಗುತ್ತಿದ್ದೇನೆ. ಮುಕುಂದಯ್ಯನವರು ಪ್ಲಗ್ಗಿಗೆ ಮಳೆ ತಾಗದಂತೆ ಒಂದು ಡಬ್ಬಿ ಮುಚ್ಚಿ, ನಿನ್ನ ಗಾಡಿ ಯಾವಾಗ ಬರುತ್ತದೆಂದು ಕೇಳುತ್ತಿದ್ದಾರೆ. ಆದ್ದರಿಂದ ತಾವು ದಯಮಾಡಿ, ಎರಡು ವರ್ಷ ಬಲೆಗೆ ಬೀಳಬಾರದೆಂದು ಗಂಗೊಳ್ಳಿಯ ಮೀನುಗಳಿಗೆ ಸುತ್ತೋಲೆ ಹೊರಡಿಸಬೇಕು, ಇಲ್ಲವೇ ಒಂದು ತೀರ್ಮಾನ ಮಾಡಬೇಕು. ತಪ್ಪು ತೀರ್ಮಾನವಾದರೂ ಅಡ್ಡಿಯಿಲ್ಲ. ಗಾಡಿ ದಾರಿಯಲ್ಲಿ ನಿಂತರೆ ನಮ್ಮಲ್ಲಿ ಜನರಿದ್ದಾರೆ.

ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಬುಟ್ಟಿ ಹಿಡಿದು ನಿಂತಿರುವ,

ತಮ್ಮ ವಿಶ್ವಾಸಿ,
ಸುರೇಂದ್ರ

ತಾ.ಕ.: ಎಲೆಕ್ಟ್ರಿಕ್ ಗಾಡಿಯನ್ನು ಏಳು ಸಲ ತೊಳೆಸಿದರೂ ಮೀನಿನ ವಾಸನೆ ಹೋಗುತ್ತಿಲ್ಲ, ಅದರಲ್ಲಿ ಕೂತು ನೋಡಿದ ದೊಡ್ಡ ಸಾಹೇಬರು ಬಹಳ ಬೇಜಾರಾಗಿದ್ದಾರೆ, ಏನಾದರೂ ಉಪಾಯವಿದ್ದರೆ ಬೇಗ ತಿಳಿಸಬೇಕು ಎಂದು ನಿಶಾಂತ್ ಮೊನ್ನೆ ಫೋನ್ ಮಾಡಿದ್ದರು. ನನಗೆ ಎರಡು ಉಪಾಯ ಗೊತ್ತು. ಎರಡರಲ್ಲಿ ಯಾವುದು ಮೇಲೆಂಬುದನ್ನು ಎರಡು ವರ್ಷ ಅಧ್ಯಯನ ಮಾಡಿ ತಿಳಿಸುತ್ತೇನೆ.