ಮಂಡಕ್ಕಿ ತಿಂದ ಮೀನುಗಳು

ಮಂಡಕ್ಕಿಯನ್ನು ಕಂಡು ಹೆದರುವ ಮನುಷ್ಯ ಶಿವಮೊಗ್ಗದಲ್ಲಿ ನಾನೊಬ್ಬನೇ ಇರಬೇಕು. ಸಂಜೆ ಗಾಡಿಯವನು ಮಂಡಕ್ಕಿಗೆ ಈರುಳ್ಳಿ, ಖಾರ ಹಾಕಿ ಕಲಸುವ ಸದ್ದಿಗೆ ಉಳಿದವರ ಬಾಯಲ್ಲಿ ನೀರೂರಿದರೆ, ನನ್ನ ಮೂಗಿಗೆ ಆಸ್ಪತ್ರೆಯ ಫಿನೈಲ್ ವಾಸನೆ ಬಡಿಯುತ್ತದೆ. ಇದಕ್ಕೆಲ್ಲ ಕಾರಣ ನನ್ನ ವಿದ್ಯೆ. ನಾನು ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವನು. ಓದದೇ ಇದ್ದಿದ್ದರೆ ನನ್ನ ಹೆಂಡತಿ ಸುಮಿತ್ರೆ ಅಷ್ಟು ಕಷ್ಟ ಪಡಬೇಕಾಗಿರಲಿಲ್ಲ.

ವಿದ್ಯಾನಗರದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಸಿಮೆಂಟ್ ತೊಟ್ಟಿಯಿತ್ತು. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದುದರಿಂದ ಅದನ್ನು ಸದಾ ತುಂಬಿಟ್ಟಿರಬೇಕಿತ್ತು. ಸುಮಿತ್ರೆ ಅದಕ್ಕೆ ತಗಡು ಮುಚ್ಚಿ, ಮೇಲೆ ಹಳೆಯ ರುಬ್ಬುಗುಂಡು ಇಡುತ್ತಿದ್ದಳು. ಡೆಂಗೆ ಜ್ವರದ ಸುದ್ದಿ ಹಬ್ಬಿದ ವರ್ಷ, ಅಷ್ಟಕ್ಕೇ ಸುಮ್ಮನಿರಲು ನನ್ನ ಪ್ರಾಣಿಶಾಸ್ತ್ರ ಬಿಡಲಿಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿದ್ದ ಗೆಳೆಯ ಸೆಲ್ವ ತನ್ನ ತೊಟ್ಟಿಯಿಂದ ಹತ್ತು ಗಪ್ಪಿ ಮೀನು ಹಿಡಿದು ಸೀಸೆಯಲ್ಲಿ ಹಾಕಿ ಕೊಟ್ಟ. "ಊಟಗೀಟ ಏನೂ ಹಾಕ್ಬೇಡ ಮಾರಾಯ. ಹಸಿದಿದ್ರೇನೇ ಅವು ಸೊಳ್ಳೆ ಮರಿ ತಿನ್ನೋದು" ಎಂದ. ಸೀಸೆಯನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದು ಮೀನು ಬಿಟ್ಟವನೇ ತಗಡು ತೆಗೆದು ಗೋಡೆಗೆ ಒರಗಿಸಿದೆ.

"ಮುಚ್ಚಿದ್ರೆ ಸೊಳ್ಳೆನೇ ಬರಲ್ವಲ್ರೀ, ಮತ್ತೆ ಮೀನ್ಯಾಕೆ?" ಎಂದಳು ಸುಮಿತ್ರೆ.

"ಮೀನಿಗೆ ಬೆಳಕು, ಗಾಳಿ ಬೇಡ್ವಾ? ನಿನಗೆ ಗೊತ್ತಾಗಲ್ಲ, ಸುಮ್ನಿರು."

ನಾನು ಇವತ್ತಿಗೂ ಆ ಮಾತನ್ನು ದಿನಕ್ಕೊಮ್ಮೆಯಾದರೂ ವಾಪಸ್ ತೆಗೆದುಕೊಳ್ಳುತ್ತಿರುತ್ತೇನೆ.

ನಮ್ಮ ಕಡೆ ದೇವಸ್ಥಾನಕ್ಕೆ ಹೋದವರು ಹೊಳೆಯ ಮೀನಿಗೆ ಮಂಡಕ್ಕಿ ಎರಚದೆ ಬರುವುದುಂಟೇ? ನನ್ನ ಕೈಗೂ ಚಿಕ್ಕಂದಿನಿಂದ ಅದೇ ರೂಢಿ. ಬೆಳಿಗ್ಗೆ ಹಲ್ಲುಜ್ಜುತ್ತ ತೊಟ್ಟಿಯ ಬಳಿ ನಿಂತರೆ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತಿದ್ದವು. ಮನೆಯಲ್ಲಿ ನನ್ನನ್ನು ಕಂಡು ಅಷ್ಟು ಸಂತೋಷಪಡುವವರು ಬೇರೆ ಯಾರೂ ಇರಲಿಲ್ಲ. ಸೆಲ್ವನ ಮಾತು ಮರೆತು ದಿನಕ್ಕೊಂದು ಹಿಡಿ ಹಾಕತೊಡಗಿದೆ.

ತಿಂಗಳೊಳಗೆ ಸುಮಿತ್ರೆಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದ ಮೇಲೂ ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು. ಮೂರನೆಯ ದಿನ ವಸಡಿನಿಂದ ರಕ್ತ ಬಂತು. ಡಾಕ್ಟರು ನನ್ನ ಮುಖ ನೋಡದೆ ಮಾತಾಡತೊಡಗಿದರು.

ಅಂದು ಬಟ್ಟೆ ತರಲು ಮನೆಗೆ ಬಂದಾಗ, ಸೊಳ್ಳೆ ಪರೀಕ್ಷೆಗೆ ಮನೆಮನೆ ತಿರುಗುತ್ತಿದ್ದ ಆರೋಗ್ಯ ಇಲಾಖೆಯ ಹೆಂಗಸು ನಮ್ಮ ತೊಟ್ಟಿಗೂ ಟಾರ್ಚ್ ಬಿಟ್ಟರು. ಹೊಟ್ಟೆ ಊದಿದ ಮೀನುಗಳ ಪಕ್ಕದಲ್ಲೇ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು.

"ಮೀನಿಗೆ ಏನಾದ್ರೂ ಹಾಕ್ತಿದ್ರಾ ಸಾರ್?"

"ಮಂಡಕ್ಕಿ."

"ಹಂಗಾದ್ರೆ ಈ ಹುಳಾನ ಯಾರು ತಿನ್ಬೇಕು ಸಾರ್, ನೀವಾ?"

ತಗಡನ್ನು ಅವರೇ ಎಳೆದು ಮುಚ್ಚಿದರು. ನಾನು ಆಸ್ಪತ್ರೆಗೆ ಓಡಿ ಡಾಕ್ಟರಿಗೆ ಎಲ್ಲ ಹೇಳಿದೆ. "ಕಚ್ಚಿದ ಸೊಳ್ಳೆ ಯಾರ ಮನೇದು ಅಂತ ಹೇಳೋಕಾಗಲ್ಲ" ಎಂದು ಡಾಕ್ಟರು ಸಮಾಧಾನ ಹೇಳಿದರು. ನಾನು ಸಾಕಿದ್ದು ನನಗೆ ಗೊತ್ತಾಗುವುದಿಲ್ಲವೇ?

ಸುಮಿತ್ರೆ ಉಳಿದಳು. ಹತ್ತು ದಿನದ ಮೇಲೆ ಮನೆಗೆ ಬಂದವಳು ಗೋಡೆ ಹಿಡಿದುಕೊಂಡು ನೇರವಾಗಿ ಹಿತ್ತಲಿಗೆ ನಡೆದಳು. ನಾನು ತಗಡು ಸರಿಸಿದೆ. ಒಂದೇ ಒಂದು ಹುಳವಿರಲಿಲ್ಲ. ಕತ್ತಲಲ್ಲಿ, ಮಂಡಕ್ಕಿಯಿಲ್ಲದೆ, ಮೀನುಗಳು ತೆಳ್ಳಗಾಗಿ ಚುರುಕಾಗಿ ಓಡಾಡುತ್ತಿದ್ದವು.

"ನೀವಿಲ್ದೇ ಇದ್ದಾಗ ಚೆನ್ನಾಗೇ ಕೆಲಸ ಮಾಡಿದಾವಲ್ರೀ" ಎಂದಳು.

ಆಮೇಲೆ ತಗಡು ಎಳೆದಳು. ಗುಂಡು ಎತ್ತಲು ಅವಳ ಕೈಯಲ್ಲಿ ಶಕ್ತಿಯಿರಲಿಲ್ಲ. ಅದನ್ನು ನಾನೇ ಎತ್ತಿಟ್ಟೆ. ಆ ಮನೆಯಲ್ಲಿ ನನ್ನ ವಿದ್ಯೆಗೆ ತಕ್ಕ ಕೆಲಸ ಅದೊಂದೇ ಉಳಿದಿತ್ತು.